ಎಡಗೈ ಬದಿ

ಶೆಫೀಲ್ಡ್. ಅರಂಡೆಲ್ ಬೀದಿಯ ಹಿಂದೆ ಇಟ್ಟಿಗೆಯ ಅಂಗಳ,
ಹನ್ನೆರಡು ಮೆಟ್ಟಿಲು ಹತ್ತಿದರೆ ಸೆಲ್ವಿನ್ ಡಂಗ್‌ವರ್ತನ ಕೋಣೆ.
ಬಡಗಣ ಬೆಳಕಿನ ಒಂದೇ ಕಿಟಕಿ. ಅದರ ಕೆಳಗೆ
ಬಿಚ್ಚಿಟ್ಟ ಕ್ಷೌರದ ಕತ್ತಿ:
ಅಲಗು ಬೇರೆ, ಹಿಡಿಯ ಎರಡು ಹೋಳು ಬೇರೆ,
ಕಿತ್ತ ಹಿತ್ತಾಳೆ ಮೊಳೆಗಳು ಚಹಾದ ತಟ್ಟೆಯಲ್ಲಿ.

ಎತ್ತಿನ ಕೊಂಬು. ನೂರು ವರ್ಷದ ಹಿಂದೆ
ಯಾವುದೋ ಹೊಲದ ಬೇಲಿ ತಿವಿದಿದ್ದು,
ಬಿಸಿನೀರಲ್ಲಿ ಮೆತ್ತಗಾಗಿ, ಅಚ್ಚಿನಲ್ಲಿ ಚಪ್ಪಟೆಯಾಗಿ,
ಸೊಕ್ಕಿಳಿದು ಅಂಗೈ ಉದ್ದಕ್ಕೆ ನಿಂತಿದೆ.
'ನಿನಗೇನು ಎರಡು ಕೊಂಬಿವೆಯೇ?' ಎಂದರೆ
ಹೌದೆನ್ನಲು ಹಕ್ಕಿರುವುದು ಈ ಅಲಗಿಗೊಂದಕ್ಕೇ.

ತಂದವಳು ಮ್ಯೂರಿಯಲ್ ಸ್ಟ್ಯಾನಿಫರ್ತ್, ಕರವಸ್ತ್ರದಲ್ಲಿ ಸುತ್ತಿ.
'ನನ್ನ ಗಂಡನದು. ಹೊಸದರ ಹಾಗೆ ಮಾಡಿಕೊಡಿ.'
ಹೆಚ್ಚು ಮಾತಿಲ್ಲ. ಛತ್ರಿ ಮರೆತು ಹೋದಳು.

ಬಚ್ಚಲ ಕಿಟಕಿಯ ಬಿಸಿಲಿಗೆ ಒಣಗಿ ಹೋಳು ಬಾಗಿತ್ತು.
ತುದಿಯಲ್ಲಿ ಹುಳು ಕಡಿದ ಗುಳಿ, ಇಲಿಹಲ್ಲಿನಷ್ಟು.
ಕುದಿಯುವ ನೀರಲ್ಲ, ಕುದಿ ನಿಂತ ನೀರು;
ಎರಡು ಹಲಗೆಯ ನಡುವೆ ಒತ್ತಿ, ಒಂದು ರಾತ್ರಿ.
ಅವಸರ ಮಾಡಿದರೆ ಕೊಂಬು ಪದರ ಬಿಡುತ್ತದೆ
ಒದ್ದೆಯಾದ ಪುಸ್ತಕದ ಹಾಗೆ.
ಅವಸರ ಮಾಡಿ ನೋಡಿದ್ದಾನೆ, ಮೂವತ್ತರ ವಯಸ್ಸಲ್ಲಿ,
ಬೇರೆಯವರ ಅಪ್ಪನ ಕತ್ತಿಯ ಮೇಲೆ.

ಮೂರನೆಯ ದಿನ ಮರಳುಕಾಗದ, ನೀರು ಹಚ್ಚಿ.
ಆದರೂ ಸುಟ್ಟ ಕೂದಲ ವಾಸನೆ.
ಬರಲೇಬೇಕಲ್ಲ: ಕೊಂಬು, ಕೂದಲು, ಉಗುರು
ಒಂದೇ ಬಸಿರಿನವು.
ಕೂದಲು ಬೋಳಿಸಲು ಕೊಂಬೇ ಹಿಡಿಯಾಯಿತು.
ಕೊಡಲಿ ಕಾವು ಕುಲಕ್ಕೆ ಸಾವು,
ಈ ಮಾತು ಅವನ ಭಾಷೆಯಲ್ಲಿಲ್ಲ. ಸೀನಿದ,
ಕಿಟಕಿ ತೆರೆದ, ಅಷ್ಟೆ.

ಒಂದು ಹೋಳು ಮುಗಿಯಿತು. ಕಪ್ಪಿನೊಳಗೆ ಜೇನುಬಣ್ಣದ ಎಳೆ.
ಇನ್ನೊಂದನ್ನು ಬೆಳಕಿಗೆ ಓರೆ ಹಿಡಿದಾಗ
ಕೈ ನಿಂತಿತು.
ಒಂದು ತಗ್ಗು. ಬೆರಳು ಕೂತು ಕೂತು ಸವೆದದ್ದು,
ಅವನ ಯಾವ ಚಕ್ರಕ್ಕೂ ಬಾರದ ನುಣುಪು.
ಎಡಗೈ ಹೆಬ್ಬೆರಳು.
ತನ್ನದನ್ನು ಇಟ್ಟು ನೋಡಿದ: ಹಿಡಿಸಲಿಲ್ಲ.
ಸಣ್ಣ ಬೆರಳು. ಯಾರದೋ.

ಕೇಳಬಾರದಿತ್ತು. ಫೋನಿನಲ್ಲಿ ಕೇಳಿಯೇಬಿಟ್ಟ:
'ನಿಮ್ಮ ಯಜಮಾನರು ಎಡಚರೇ?'
'ಇಲ್ಲ,' ಎಂದಳು. ಆಮೇಲೆ ಎಷ್ಟು ಹೊತ್ತು ಸುಮ್ಮನಿದ್ದಳೆಂದರೆ
ಅವನು ಏನೇನೋ ಯೋಚಿಸಿದ,
ಸಂತೆಯಲ್ಲಿ ಕೊಂಡ ಕತ್ತಿಯೋ, ಇನ್ನೊಂದು ಮನೆಯೋ,
ತನಗೆ ಸಲ್ಲದ್ದೆಲ್ಲ.

'ಲಕ್ವ ಹೊಡೆದು ಅವರ ಬಲಭಾಗ ಬಿದ್ದುಹೋಯಿತು.
ಹನ್ನೊಂದು ವರ್ಷ, ದಿನಾ ಬೆಳಿಗ್ಗೆ, ನಾನೇ.
ಶಾಲೆಯಲ್ಲಿ ಎಡಗೈಗೆ ಅಡಿಕೋಲಿನಿಂದ ಹೊಡೆದು ಹೊಡೆದು
ಬರೆಯುವುದು, ಹೊಲಿಯುವುದು, ಚಮಚ, ಎಲ್ಲ ಬಲಗೈಗೆ ಬಂದಿತ್ತು.
ಅವರ ಕುತ್ತಿಗೆಯ ಹತ್ತಿರ ಮಾತ್ರ
ನನಗೆ ಆ ಕೈಯ ಮೇಲೆ ನಂಬಿಕೆ ಬರಲಿಲ್ಲ.'

ಮರಳುಕಾಗದ ಮಡಚಿಟ್ಟ.
ಆ ಹೋಳಿಗೆ ಬರೀ ಗೊರಸಿನೆಣ್ಣೆ:
ಕೊಂಬಿಗೆ ಕಾಲಿನ ಜಿಡ್ಡು, ದನ ಕತ್ತು ತಿರುಗಿಸಿ
ತನ್ನನ್ನು ತಾನೇ ನೆಕ್ಕಿಕೊಂಡ ಹಾಗೆ.
ಮೂರು ದಿನ ನೆನೆಯಿತು. ಆಮೇಲೆ ಹೊಸ ಮೊಳೆ,
ಗೋಲಿಯಷ್ಟು ಸುತ್ತಿಗೆ. ಹೊಡೆಯುವುದಲ್ಲ,
ಬಾಗಿಲಾಚೆ ಯಾರೋ ಮಲಗಿದ್ದಾರೆಂದು
ಗೊತ್ತಿದ್ದೂ ತಟ್ಟುವಷ್ಟು.

ಬಂದಾಗ ಹೇಳಿದ: ಬಚ್ಚಲಲ್ಲಿಡಬೇಡಿ, ಬಿಸಿಲಿಗೆ ಬೇಡ,
ಉಣ್ಣೆಯ ಜೊತೆ ಬೇಡವೇ ಬೇಡ, ಹುಳು ಬರುವುದು ಅಲ್ಲಿಂದ.
ಎರಡು ತಿಂಗಳಿಗೊಮ್ಮೆ ಒಂದು ಹನಿ ಎಣ್ಣೆ, ಬೆರಳಿನಿಂದ.
'ಯಾವ ಕೈಯ ಬೆರಳು?' ಎಂದಳು, ನಗದೆ.

ಒಂದು ಬದಿ ಕನ್ನಡಿ, ಒಂದು ಬದಿ ಮಂಕು.
ಅರ್ಧ ಕೆಲಸಕ್ಕೆ ಅರ್ಧ ದುಡ್ಡು ಎಂದ.
ಅವಳು ಪೂರ್ತಿ ಎಣಿಸಿ ಇಟ್ಟಳು,
ಕತ್ತಿ ಮಡಚಿದಳು. ಅಲಗು ಎರಡು ಕೊಂಬಿನ ನಡುವೆ
ಎಲ್ಲಿಯೂ ತಾಗದೆ ಇಳಿಯಿತು.

ಛತ್ರಿಯನ್ನು ಈ ಸಲವೂ ಮರೆತಳು.